ಬಿಟ್ಟಲ್ಲಿಂದ ಮುಂದೆ

(ನಮ್ಮ ಮಹಿಳಾ ವೇದಿಕೆಯ ಭಾನುವಾರದ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹರೂಪ)

 

ಹಲವು ವಿದ್ಯೆಗಳನ್ನು ಒಟ್ಟಿಗೇ ಕಲಿತು ಎಲ್ಲದರಲ್ಲೂ ಪಳಗುವುದು ಸಾಧ್ಯವೇ ಎಂಬುದು ಇವತ್ತು ನನಗೆ ಕೊಟ್ಟಿರುವ ವಿಷಯ. ನಮ್ಮ ಸಂಚಾಲಕಿಯವರು ಫೋನ್ ಮಾಡಿ, "ನೀವು ಐಟಿ ಕೆಲಸಾ ಮಾಡ್ತೀರಿ, ಹಾಡ್ತೀರಿ, ಕಸೂತಿನೂ ಹಾಕ್ತೀರಿ. ಎಲ್ಲಾ ಹೆಂಗ ಸಂಭಾಳಸ್ತೀರಿ, ಅದನ್ನ ಹೇಳ್ರಿ ಸಾಕು" ಎಂದರು. ಈ 'ಹೆಂಗ ಸಂಭಾಳಸ್ತೀರಿ' ಎಂಬ ಪ್ರಶ್ನೆ ನಮ್ಮಂಥವರ ಬೆನ್ನು ಬಿಡುವುದಿಲ್ಲ. ಬೆಳಿಗ್ಗೆ ಐದಕ್ಕೆ ಏಳಿ, ವೇಳಾಪಟ್ಟಿ ಹಾಕಿಕೊಳ್ಳಿ, ಮೊಬೈಲ್ ದೂರ ಇಡಿ ಎಂದು ಹೇಳಿ ಕುಳಿತುಬಿಟ್ಟರೆ ನನ್ನ ಕೆಲಸ ಮುಗಿಯುತ್ತದೆ. ಆದರೆ ಅದು ನಿಮಗೆಲ್ಲ ಗೊತ್ತಿರುವ ಮಾತೇ. ಐದಕ್ಕೆ ಏಳುವ ವಿಷಯದಲ್ಲಿ ಇಲ್ಲಿರುವ ಅರ್ಧದಷ್ಟು ಜನ ನನಗೇ ಪಾಠ ಹೇಳಬಲ್ಲಿರಿ.

ಎಂಟೆಕ್ ಓದಿದವಳು ನಾನು, ಮೊದಲು ಲೆಕ್ಕ ಹಾಕಿಬಿಡೋಣ. 1993ರಲ್ಲಿ ಆಂಡರ್ಸ್ ಎರಿಕ್ಸನ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಅವರ ಸಂಗಡಿಗರು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಅಭ್ಯಾಸದ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಅತ್ಯುತ್ತಮ ವಿದ್ಯಾರ್ಥಿಗಳು ಇಪ್ಪತ್ತರ ವಯಸ್ಸಿಗೆ ಸರಾಸರಿ ಹತ್ತು ಸಾವಿರ ಗಂಟೆಯಷ್ಟು ಅಭ್ಯಾಸ ಮಾಡಿದ್ದರು ಎಂಬುದು ಅದರಲ್ಲಿನ ಒಂದು ವಿವರ. 2008ರಲ್ಲಿ ಮಾಲ್ಕಮ್ ಗ್ಲಾಡ್‌ವೆಲ್ ತಮ್ಮ ಪುಸ್ತಕದಲ್ಲಿ ಅದನ್ನು ಒಂದು ನಿಯಮದ ಹಾಗೆ ಬರೆದರು. ಅದು ಸರಾಸರಿಯಷ್ಟೇ, ಮಂತ್ರಸಂಖ್ಯೆಯಲ್ಲ ಎಂದು ಎರಿಕ್ಸನ್ ಅವರೇ ಆಮೇಲೆ ಹೇಳಿದರು. ಆದರೆ ವಾಟ್ಸಾಪ್‌ನಲ್ಲಿ ಆ ವಿವರಣೆ ಬರಲಿಲ್ಲ, ಹತ್ತು ಸಾವಿರ ಮಾತ್ರ ಬಂತು. ದಿನಕ್ಕೊಂದು ಗಂಟೆಯಂತೆ ಹತ್ತು ಸಾವಿರ ಗಂಟೆಗೆ 27 ವರ್ಷ ಬೇಕು. ಮೂರು ವಿದ್ಯೆಗಳನ್ನು ಒಂದಾದ ಮೇಲೊಂದು ಕಲಿತರೆ 82 ವರ್ಷ. ನನಗೀಗ 37. ಎಲ್ಲದರಲ್ಲೂ ಪಳಗುವ ಹೊತ್ತಿಗೆ 119 ಆಗಿರುತ್ತದೆ. ಆಗ ಬನ್ನಿ, ಕಛೇರಿ ಇಟ್ಟುಕೊಳ್ಳೋಣ.

ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಒಂದು ವಿದ್ಯೆಯಲ್ಲಿ ಕಳೆದ ಗಂಟೆ ಇನ್ನೊಂದರ ಖಾತೆಗೆ ಒಂದು ಪೈಸೆಯೂ ಜಮೆಯಾಗುವುದಿಲ್ಲ ಎಂದು ಈ ಲೆಕ್ಕ ಮೊದಲೇ ಒಪ್ಪಿಕೊಂಡುಬಿಟ್ಟಿದೆ. ಅದು ನಿಜವೇ? ನಿಜವಲ್ಲ ಎಂದು ತೋರಿಸುವ ಇಬ್ಬರು ನಮ್ಮ ಈ ಪುಣೆಯಲ್ಲೇ ಬದುಕಿದ್ದರು. ಅವರ ವಿಷಯಕ್ಕೆ ಬರುವ ಮುಂಚೆ ಒಂದು ಹೊಗಳಿಕೆಯನ್ನು ಸ್ವಲ್ಪ ಬಿಚ್ಚಿ ನೋಡಬೇಕು.

ನಮ್ಮನ್ನು ಹೊಗಳುವಾಗ 'ಹೆಣ್ಣುಮಕ್ಕಳು ಅಷ್ಟಾವಧಾನಿಗಳು' ಎನ್ನುತ್ತಾರೆ. ಒಂದು ಕೈಯಲ್ಲಿ ಒಗ್ಗರಣೆ, ಇನ್ನೊಂದು ಕೈಯಲ್ಲಿ ಮಗುವಿನ ಹೋಮ್‌ವರ್ಕ್, ಕಿವಿಯಲ್ಲಿ ಆಫೀಸಿನ ಕಾಲ್. ಕೇಳಲು ಚೆನ್ನಾಗಿದೆ. ಆದರೆ ನಿಜವಾದ ಅಷ್ಟಾವಧಾನ ನೋಡಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಕನ್ನಡದಲ್ಲಿ ಆ ಕಲೆಯನ್ನು ಮತ್ತೆ ಮನೆಮಾತಾಗಿಸಿದವರು ಶತಾವಧಾನಿ ಆರ್. ಗಣೇಶ್. ಅವರು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್ ಎಂಬುದನ್ನು ನಮ್ಮಂಥ ಎಂಜಿನಿಯರುಗಳು ಹೆಮ್ಮೆಯಿಂದ ನೆನೆಯಬೇಕು. ಅಷ್ಟಾವಧಾನದಲ್ಲಿ ಎಂಟು ಪೃಚ್ಛಕರು ಕುಳಿತಿರುತ್ತಾರೆ. ಒಬ್ಬರು ಸಮಸ್ಯೆಯ ಸಾಲು ಕೊಡುತ್ತಾರೆ, ಒಬ್ಬರು ಪದ್ಯದಲ್ಲಿ ಬಳಸಲೇಬೇಕಾದ ಪದಗಳನ್ನು ಕೊಡುತ್ತಾರೆ, ಒಬ್ಬರು ಅಕ್ಷರ ಅಕ್ಷರಕ್ಕೂ 'ಇದನ್ನು ಬಳಸಬೇಡಿ' ಎಂದು ನಿಷೇಧ ಹಾಕುತ್ತಾರೆ. ಅಪ್ರಸ್ತುತ ಪ್ರಸಂಗದವರ ಕೆಲಸವೇ ನಡುನಡುವೆ ಬಾಯಿ ಹಾಕಿ ಗಮನ ಕೆಡಿಸುವುದು. ನಮ್ಮ ಮನೆಗಳಲ್ಲಿ ಆ ಪಾತ್ರಕ್ಕೆ ಜನರ ಕೊರತೆಯಿಲ್ಲ.

ಅವಧಾನಿ ಎಂಟು ಕೆಲಸವನ್ನು ಒಂದೇ ಕ್ಷಣದಲ್ಲಿ ಮಾಡುವುದಿಲ್ಲ, ಅದನ್ನು ಗಮನಿಸಿ. ಒಂದು ಪದ್ಯದ ಒಂದು ಪಾದ ಹೇಳಿ ಅದನ್ನು ಅಲ್ಲಿಗೇ ಬಿಟ್ಟು, ಮುಂದಿನ ಪೃಚ್ಛಕರ ಕಡೆಗೆ ಹೋಗುತ್ತಾರೆ. ಅಲ್ಲಿ ಒಂದು ಪಾದ. ಹೀಗೆ ಸುತ್ತು ಮುಗಿಸಿ ಮೊದಲಿನವರ ಹತ್ತಿರ ಬಂದಾಗ ಎರಡನೆಯ ಪಾದ. ನಾಲ್ಕು ಸುತ್ತಿಗೆ ಪದ್ಯಗಳು ಪೂರ್ತಿಯಾಗುತ್ತವೆ, ಕೊನೆಗೆ ಎಲ್ಲವನ್ನೂ ನೆನಪಿನಿಂದಲೇ ಒಪ್ಪಿಸುತ್ತಾರೆ. ನಮ್ಮ ಕಂಪ್ಯೂಟರಿನ ಪ್ರೊಸೆಸರ್ ಕೂಡ ಹಾಗೆಯೇ. ಒಂದು ಕೋರ್ ಒಂದು ಕ್ಷಣಕ್ಕೆ ಒಂದೇ ಪ್ರೋಗ್ರಾಮ್ ನಡೆಸುತ್ತದೆ. ಅದನ್ನು ನಿಲ್ಲಿಸಿ ಇನ್ನೊಂದಕ್ಕೆ ಹೋಗುವ ಮುಂಚೆ, ಎಲ್ಲಿ ನಿಲ್ಲಿಸಿದೆ ಎಂಬುದನ್ನು ಚಾಚೂ ತಪ್ಪದೆ ಬರೆದಿಟ್ಟುಕೊಳ್ಳುತ್ತದೆ. ಆ ಗುರುತು ಕಳೆದುಹೋದರೆ ಮತ್ತೆ ಮೊದಲಿನಿಂದ ಶುರು.

ಇವತ್ತು ನಾನು ಹೇಳಬೇಕಾದ ಮಾತು ಇಷ್ಟೇ. ಹಲವು ವಿದ್ಯೆ ಕಲಿಯುವವರಿಗೆ ಬೇಕಾದದ್ದು ಹತ್ತು ಕೈಗಳಲ್ಲ, ಬಿಟ್ಟಲ್ಲಿಗೆ ಮರಳಿ ಬರುವ ದಾರಿ. ಒಗ್ಗರಣೆ, ಹೋಮ್‌ವರ್ಕ್, ಕಾಲ್ ಮೂರನ್ನೂ ಒಟ್ಟಿಗೆ ಮಾಡುವುದು ಅವಸರದ ಬದುಕು, ಅದು ಅವಧಾನವಲ್ಲ. ಅದರಿಂದ ಕೆಲಸಗಳು ಮುಗಿಯುತ್ತವೆ, ವಿದ್ಯೆ ಬೆಳೆಯುವುದಿಲ್ಲ.

ಈಗ ಪುಣೆಯ ಆ ಇಬ್ಬರು. ಮೊದಲನೆಯವರು ಡಿ. ಡಿ. ಕೋಸಂಬಿ. ಹುಟ್ಟಿದ್ದು 1907ರಲ್ಲಿ, ಗೋವಾದ ಕೋಸಬೆಯಲ್ಲಿ. ಹಾರ್ವರ್ಡಿನಲ್ಲಿ ಓದಿ ಬಂದು ನಮ್ಮ ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ ಕಲಿಸಿದರು. ಆಮೇಲೆ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದರು. ಮನೆ ಪುಣೆಯಲ್ಲಿ, ಕೆಲಸ ಮುಂಬೈಯಲ್ಲಿ. 1930ರಲ್ಲಿ ಶುರುವಾದ ಡೆಕ್ಕನ್ ಕ್ವೀನ್ ಗಾಡಿಯಲ್ಲಿ ಅವರ ಓಡಾಟ. ಹೋಗಲು ಮೂರು ಗಂಟೆಯ ಹತ್ತಿರ, ಬರಲು ಅಷ್ಟೇ. ಹಿಂಜವಡಿಯ ಟ್ರಾಫಿಕ್ಕಿನಲ್ಲಿ ಕುಳಿತು ಗೊಣಗುವಾಗ ನಾನು ಅವರನ್ನು ನೆನೆಸಿಕೊಳ್ಳುತ್ತೇನೆ.

ಅವರ ಕೆಲಸದ ಹರವು ನೋಡಿ. ವರ್ಣತಂತುವಿನ ಮೇಲೆ ಜೀನ್‌ಗಳ ನಡುವಿನ ದೂರವನ್ನು ಅಂದಾಜು ಮಾಡುವ ಒಂದು ಸೂತ್ರವನ್ನು 1944ರಲ್ಲಿ ಕೊಟ್ಟರು. ತಳಿವಿಜ್ಞಾನದವರು ಅದನ್ನು ಈಗಲೂ ಕೋಸಂಬಿ ಹೆಸರಿನಿಂದಲೇ ಕರೆಯುತ್ತಾರೆ. ಭರ್ತೃಹರಿಯ ಸುಭಾಷಿತಗಳ ಹಸ್ತಪ್ರತಿಗಳನ್ನು ಹೋಲಿಸಿ ಶುದ್ಧ ಪಾಠ ಸಿದ್ಧಪಡಿಸಿ 1948ರಲ್ಲಿ ಪ್ರಕಟಿಸಿದರು. 1956ರಲ್ಲಿ ಭಾರತದ ಇತಿಹಾಸದ ಅಧ್ಯಯನಕ್ಕೇ ಹೊಸ ದಾರಿ ಹಾಕಿದ ಪುಸ್ತಕ ಬರೆದರು. ಗಣಿತ, ತಳಿವಿಜ್ಞಾನ, ಸಂಸ್ಕೃತ, ಇತಿಹಾಸ. ಕೇಳಿದರೆ ನಾಲ್ಕು ಬೇರೆ ಬೇರೆ ಜನರ ಹಾಗಿದೆ.

ಆದರೆ ಅವರು ಒಂದರಿಂದ ಇನ್ನೊಂದಕ್ಕೆ ಹೋದ ದಾರಿಯನ್ನು ನೋಡಿದರೆ ಒಬ್ಬರೇ ಕಾಣುತ್ತಾರೆ. ಸಂಖ್ಯಾಶಾಸ್ತ್ರ ಕಲಿತ ಅವರಿಗೆ ಅದನ್ನು ಪ್ರಯೋಗಿಸಿ ನೋಡಲು ಒಂದು ನಿಜವಾದ ಸಮಸ್ಯೆ ಬೇಕಿತ್ತು. ಪ್ರಾಚೀನ ಬೆಳ್ಳಿ ನಾಣ್ಯಗಳನ್ನು ತೂಗತೊಡಗಿದರು. ನಾಣ್ಯ ಕೈಯಿಂದ ಕೈಗೆ ಓಡಾಡಿದಷ್ಟೂ ಸವೆಯುತ್ತದೆ, ತೂಕ ಕಡಿಮೆಯಾಗುತ್ತದೆ. ಆ ಸವೆತದಿಂದ ನಾಣ್ಯಗಳ ಹಿಂದು ಮುಂದನ್ನು ಲೆಕ್ಕ ಹಾಕಬಹುದು. ಇವನ್ನು ಟಂಕಿಸಿದವರು ಯಾರು ಎಂಬ ಪ್ರಶ್ನೆ ಬಂದಾಗ ಇತಿಹಾಸಕ್ಕೆ ಹೋದರು. ಇತಿಹಾಸದ ಆಕರಗಳನ್ನು ಓದಲು ಸಂಸ್ಕೃತ ಬೇಕಾಯಿತು. ಪುಸ್ತಕದಲ್ಲಿ ಸಿಗದ್ದನ್ನು ಹುಡುಕಿಕೊಂಡು ಪುಣೆಯ ಸುತ್ತಲಿನ ಗುಡ್ಡಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿದರು. ಒಂದೊಂದು ವಿದ್ಯೆಯೂ ಹಿಂದಿನದರ ಪ್ರಶ್ನೆಯನ್ನು ಹೊತ್ತುಕೊಂಡೇ ಬಂತು. ಹಿಂದಿನ ಗಂಟೆಗಳು ಮುಂದಿನ ಖಾತೆಗೆ ಜಮೆಯಾಗುವುದು ಹೀಗೆ.

ಎರಡನೆಯವರು ಇರಾವತಿ ಕರ್ವೆ. 1905ರಲ್ಲಿ ಬರ್ಮಾದಲ್ಲಿ ಹುಟ್ಟಿದ ಕಾರಣ ಅಲ್ಲಿನ ನದಿಯ ಹೆಸರು. ಪುಣೆಯ ಹುಜೂರ್‌ಪಾಗಾ ಶಾಲೆಯಲ್ಲಿ, ಫರ್ಗ್ಯುಸನ್ನಿನಲ್ಲಿ ಓದು, ಬರ್ಲಿನ್ನಿನಲ್ಲಿ ಪಿಎಚ್‌ಡಿ. 1939ರಲ್ಲಿ ನಮ್ಮ ಡೆಕ್ಕನ್ ಕಾಲೇಜು ಸೇರಿ ಜೀವನಪರ್ಯಂತ ಅಲ್ಲೇ ಇದ್ದರು. ತಲೆಬುರುಡೆ ಅಳೆದರು, ಅಗೆತದಲ್ಲಿ ಸಿಕ್ಕ ಎಲುಬುಗಳನ್ನು ಪರೀಕ್ಷಿಸಿದರು. ದೇಶ ಸುತ್ತಿ ಯಾವ ಭಾಷೆಯವರು ಅತ್ತೆ, ಮಾವ, ಭಾವ, ನಾದಿನಿಗೆ ಏನೆನ್ನುತ್ತಾರೆ ಎಂದು ಬರೆದುಕೊಂಡರು. ಭಾರತದ ಬಂಧುತ್ವ ವ್ಯವಸ್ಥೆಯ ಬಗ್ಗೆ 1953ರಲ್ಲಿ ಬಂದ ಅವರ ಪುಸ್ತಕದಲ್ಲಿ ದಕ್ಷಿಣದ ವಲಯವಾಗಿ ನಮ್ಮ ಸೋದರಮಾವ, ಸೋದರತ್ತೆಯರ ಲೋಕವೂ ಇದೆ. ಇದೆಲ್ಲ ಶಾಸ್ತ್ರ. ಇನ್ನೊಂದು ಕಡೆ ಮರಾಠಿಯಲ್ಲಿ ಲಲಿತ ಪ್ರಬಂಧ ಬರೆದರು. ಅವರ 'ಯುಗಾಂತ'ಕ್ಕೆ 1968ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮಹಾಭಾರತದ ಗಾಂಧಾರಿ, ಕುಂತಿ, ದ್ರೌಪದಿಯರನ್ನು ಅವರು ದೇವರ ಮನೆಯ ಪಟಗಳಂತೆ ನೋಡದೆ, ಒಂದು ಮನೆತನದ ಸೊಸೆಯಂದಿರಂತೆ ನೋಡುತ್ತಾರೆ. ಮನೆಮನೆಗೆ ಹೋಗಿ ಬಂಧುತ್ವದ ಕಥೆ ಕೇಳಿ ಬರೆದುಕೊಂಡವರಿಗೆ ಮಾತ್ರ ಹಸ್ತಿನಾಪುರದ ಮನೆಯೊಳಗಿನ ಬಿಕ್ಕಟ್ಟು ಅಷ್ಟು ಸ್ಪಷ್ಟವಾಗಿ ಕಾಣಿಸೀತು.

ಹಾಗೆಂದು ಎಲ್ಲರ ವಿದ್ಯೆಗಳೂ ಒಂದನ್ನೊಂದು ಹೀಗೆ ಕೈಹಿಡಿದು ಬರಬೇಕಿಲ್ಲ. ಸರದಿಯ ಮೇಲೂ ಬರಬಹುದು. ನಮ್ಮ ಶಿವರಾಮ ಕಾರಂತರು 95 ವರ್ಷ ಬದುಕಿದರು. ಮೂವತ್ತರ ಆಸುಪಾಸಿನಲ್ಲಿ ಮಕ್ಕಳಿಗಾಗಿ 'ಬಾಲ ಪ್ರಪಂಚ', ಆಮೇಲೆ 'ವಿಜ್ಞಾನ ಪ್ರಪಂಚ'ದ ಸಂಪುಟಗಳು. 1959ರಲ್ಲಿ ಸಾಹಿತ್ಯ ಅಕಾಡೆಮಿ ಬಂದದ್ದು 'ಯಕ್ಷಗಾನ ಬಯಲಾಟ'ಕ್ಕೆ, 1977ರ ಜ್ಞಾನಪೀಠ ಬಂದದ್ದು 'ಮೂಕಜ್ಜಿಯ ಕನಸುಗಳು' ಕಾದಂಬರಿಗೆ. ಯಾವುದನ್ನೂ ಪೂರ್ತಿ ಬಿಡಲಿಲ್ಲ, ಆದರೆ ಒಂದೊಂದು ಕಾಲಕ್ಕೆ ಒಂದೊಂದು ಮುಂದೆ ಬಂದು ನಿಂತಿತು. ಇನ್ನು ಅನುಪಮಾ ನಿರಂಜನ ಅವರ 'ತಾಯಿ ಮಗು' ಇಲ್ಲಿರುವ ಹಲವರ ತಾಯಂದಿರ ಕಪಾಟಿನಲ್ಲಿ ಇದ್ದೇ ಇರುತ್ತದೆ. ಅವರು ವೃತ್ತಿಯಲ್ಲಿ ವೈದ್ಯೆ. 'ಮಾಧವಿ', 'ಋಣಮುಕ್ತಳು' ಬರೆದ ಕಾದಂಬರಿಕಾರ್ತಿ. ಮಕ್ಕಳಿಗೆ 'ದಿನಕ್ಕೊಂದು ಕಥೆ' ಕೊಟ್ಟವರು. ತಮ್ಮ ಮುಂದೆ ಕುಳಿತ ಹೆಣ್ಣುಮಕ್ಕಳು ಬಾಯಿಬಿಟ್ಟು ಕೇಳಲಾರದ ಪ್ರಶ್ನೆಗಳಿಗೆ ವೈದ್ಯಕೀಯ ಪುಸ್ತಕದಲ್ಲಿ ಒಂದು ಥರ, ಕಾದಂಬರಿಯಲ್ಲಿ ಇನ್ನೊಂದು ಥರ ಉತ್ತರ ಕೊಟ್ಟರು ಎಂದು ನನಗೆ ಅನಿಸುತ್ತದೆ.

ಇಲ್ಲಿ ಯಾರಾದರೂ ಎದ್ದು, "ಭೀಮಸೇನ ಜೋಶಿಯವರನ್ನ ಮರತ್ರೇನು?" ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಹನ್ನೊಂದರ ವಯಸ್ಸಿಗೆ ಗದಗಿನ ಮನೆ ಬಿಟ್ಟು ಗುರುವನ್ನು ಹುಡುಕುತ್ತ ಹೋದ ಹುಡುಗ ಅವರು. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಹತ್ತಿರ ಕಲಿತು, ಪುಣೆಗೆ ಬಂದು ನೆಲೆಸಿ, 1953ರಲ್ಲಿ ಗುರುವಿನ ಹೆಸರಿನ ಉತ್ಸವ ಶುರು ಮಾಡಿದರು. ಡಿಸೆಂಬರ್ ಚಳಿಯಲ್ಲಿ ಶಾಲು ಹೊದ್ದು ನಾವೆಲ್ಲ ಈಗಲೂ ಅಲ್ಲಿಗೆ ಹೋಗುತ್ತೇವೆ. ಒಂದೇ ವಿದ್ಯೆಗೆ ಇಡೀ ಜೀವ ಕೊಟ್ಟರೆ ಮುಟ್ಟುವ ಎತ್ತರ ಅದು. ಮೂರು ವಿದ್ಯೆಗಳಿಗೆ ಹಂಚಿಕೊಂಡ ನಾನು ಆ ಎತ್ತರಕ್ಕೆ ಹೋಗಲಾರೆ, ಅದನ್ನು ಮುಚ್ಚಿಡುವುದಿಲ್ಲ. ನಾನು 'ಪಳಗುವುದು' ಎನ್ನುವಾಗ ನನ್ನ ಮನಸ್ಸಿನಲ್ಲಿರುವ ಅಳತೆ ಬೇರೆ. ನನ್ನ ಸ್ವರ ತಪ್ಪಿದ್ದು ಗುರುಗಳು ಹೇಳುವ ಮುಂಚೆ ನನ್ನ ಕಿವಿಗೇ ತಿಳಿಯಬೇಕು. ಆ ಹಂತ ಮುಟ್ಟಿದ ಮೇಲೆ ವಿದ್ಯೆ ನಮ್ಮದಾಗುತ್ತದೆ. ನಾಲ್ಕು ತಿಂಗಳು ಬಿಟ್ಟು ಬಂದರೂ ಎಲ್ಲಿ ಸವೆದಿದೆ, ಎಲ್ಲಿಂದ ಶುರು ಮಾಡಬೇಕು ಎಂದು ನಮಗೇ ಗೊತ್ತಾಗುತ್ತದೆ.

ಇದರಿಂದ ನಾನು ಮಾಡಿಕೊಂಡ ಮೊದಲ ನಿಯಮ: ಎರಡು ವಿದ್ಯೆಗಳನ್ನು ಒಟ್ಟಿಗೇ ಓಂಕಾರದಿಂದ ಶುರು ಮಾಡಬಾರದು. ಒಂದು ಆ ಹಂತ ಮುಟ್ಟಿದ ಮೇಲೆ ಇನ್ನೊಂದು. ಎರಡನೆಯ ನಿಯಮ ಅಡುಗೆಮನೆಯದು. ಗ್ಯಾಸಿನ ಮೇಲೆ ಮೂರು ಪಾತ್ರೆ ಇರಲಿ, ದೊಡ್ಡ ಉರಿ ಒಂದಕ್ಕೇ. ಉಳಿದವು ಸಣ್ಣ ಉರಿಯಲ್ಲಿ, ಆದರೆ ಆರಿಸುವಂತಿಲ್ಲ. ಗಾಂಧರ್ವ ಮಹಾವಿದ್ಯಾಲಯ ಮಂಡಲದ ವಿಶಾರದ ಪರೀಕ್ಷೆಗೆ ನಾನು ಕೂತ ವರ್ಷ ದೊಡ್ಡ ಉರಿ ಹಾಡಿಗೆ. ಆ ವರ್ಷ ಕಸೂತಿ ವಾರಕ್ಕೆ ಇಪ್ಪತ್ತೇ ನಿಮಿಷ, ಅದೂ ಭಾನುವಾರ ಮಗಳು ಚಿತ್ರ ಬಿಡಿಸುವಾಗ ಅವಳ ಪಕ್ಕದಲ್ಲಿ ಕುಳಿತು. ಮೂರನೆಯ ನಿಯಮ ಒಂದು ನೂರು ಪುಟದ ನೋಟ್‌ಬುಕ್. ಪ್ರತಿ ಸಲ ಎದ್ದೇಳುವ ಮುಂಚೆ ಎರಡು ಸಾಲು: ಎಲ್ಲಿ ಬಿಟ್ಟೆ, ಮುಂದೆ ಏನು. 'ಯಮನ್, ಮಧ್ಯಲಯ, ತಾರ ಸಪ್ತಕದ ಗಾಂಧಾರದಲ್ಲಿ ದನಿ ಬಿಗಿಯುತ್ತಿದೆ. ನಾಳೆ ನಿಧಾನವಾಗಿ ಅದೊಂದೇ.' ಇಷ್ಟು ಬರೆದಿಟ್ಟರೆ ನಾಳೆ ಕುಳಿತ ತಕ್ಷಣ ಕೆಲಸ ಶುರು. ಬರೆಯದಿದ್ದರೆ ಏನು ಮಾಡಲಿ ಎಂದು ಯೋಚಿಸುವುದರಲ್ಲೇ ಹದಿನೈದು ನಿಮಿಷ ಹೋಗುತ್ತದೆ. ಇರುವುದೇ ನಲವತ್ತು ನಿಮಿಷ.

ಕಸೂತಿಯ ಮಾತು ಬಂತಲ್ಲ, ಅದರಿಂದ ನನಗೆ ಸಿಕ್ಕ ಒಂದು ಸಂತೋಷವನ್ನು ಹಂಚಿಕೊಳ್ಳುತ್ತೇನೆ. ಧಾರವಾಡದ ನಮ್ಮ ಸೋದರತ್ತೆ ನನಗೆ ಕಲಿಸಿದವರು. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳು ನಿಮಗೆ ಗೊತ್ತಿವೆ. ಬಟ್ಟೆಯ ಮೇಲೆ ಪೆನ್ಸಿಲ್ಲಿನಿಂದ ಚಿತ್ರ ಬರೆದುಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ಗೋಪುರ, ತೇರು, ಆನೆ, ತುಳಸಿಕಟ್ಟೆ ಮೂಡಬೇಕು. ಗವಂತಿಯಲ್ಲಿ ಗಂಟು ಕಾಣಬಾರದು, ಸೀರೆಯ ಎರಡೂ ಬದಿ ಒಂದೇ ಥರ ಇರಬೇಕು. ಸೂಜಿ ಹೋಗುವಾಗ ಒಂದು ಮನೆ ಮೇಲೆ, ಒಂದು ಮನೆ ಕೆಳಗೆ. ಮೇಲೆ ನೋಡಿದರೆ ನಡುನಡುವೆ ಖಾಲಿ. ಬರುವಾಗ ಆ ಖಾಲಿ ಮನೆಗಳೆಲ್ಲ ತುಂಬುತ್ತವೆ. ಟೊಂಗೆ ಕವಲೊಡೆದಲ್ಲಿ ಏನು ಮಾಡಬೇಕು ಎಂದು ಕೇಳಿದರೆ ಅತ್ತೆ ಹೇಳುತ್ತಿದ್ದರು: "ಟೊಂಗಿ ತುದೀತನಕಾ ಹೋಗು, ಹೋದ ದಾರೀಲೇ ಹೊಳ್ಳಿ ಬಾ. ಆಮ್ಯಾಲೆ ಮುಂದಿನ ಟೊಂಗಿ."

ಎಂಟೆಕ್ ತರಗತಿಯಲ್ಲಿ ಗ್ರಾಫ್ ಆಲ್ಗರಿದಮ್‌ಗಳನ್ನು ಓದುವಾಗ ಡೆಪ್ತ್ ಫಸ್ಟ್ ಸರ್ಚ್ ಎಂಬ ಪಾಠ ಬಂತು. ಜಾಲದಂಥ ಹಾದಿಗಳಲ್ಲಿ ಎಲ್ಲೂ ಬಿಡದಂತೆ ಸುತ್ತಿ ಬರಬೇಕಾದರೆ, ಒಂದು ಕವಲಿನ ಕೊನೆಯವರೆಗೆ ಹೋಗು, ಹೋದ ದಾರಿಯಲ್ಲೇ ಮರಳು, ಆಮೇಲೆ ಮುಂದಿನ ಕವಲು. ಪ್ರತಿಯೊಂದು ಹಾದಿಯನ್ನೂ ಎರಡೇ ಸಲ, ಒಮ್ಮೆ ಹೋಗುತ್ತ, ಒಮ್ಮೆ ಬರುತ್ತ ತುಳಿಯುತ್ತೇವೆ. ಅದು ಥೇಟ್ ಗವಂತಿ! ಚೌಕಟ್ಟಿನ ಎಳೆಗಳ ಮೇಲೆ ಹೀಗೆ ಹೋಗಿ ಬಂದರೆ ಒಂದು ಸಲ ದಾರ ಮೇಲೆ, ಇನ್ನೊಂದು ಸಲ ಕೆಳಗೆ ಬಂದೇ ಬರುತ್ತದೆ ಎಂದು ಗಣಿತದಿಂದಲೇ ತೋರಿಸಬಹುದು. ಒಂದಕ್ಕೊಂದು ಜೋಡಿಕೊಂಡಿರುವ ಯಾವುದೇ ಚಿತ್ತಾರವನ್ನೂ ಎರಡು ಬದಿಗೂ ಒಂದೇ ಥರ, ಒಂದೇ ದಾರದಲ್ಲಿ ಹೊಲಿಯಬಹುದು. ಆ ಪಾಠ ನನಗೆ ಹೊಸದಾಗಿ ಕಲಿಯುವಂಥದ್ದಾಗಿರಲಿಲ್ಲ, ನನ್ನ ಬೆರಳಿಗೆ ಮೊದಲೇ ಗೊತ್ತಿತ್ತು. ಎಂಟನೆಯ ತರಗತಿಯ ಬೇಸಿಗೆ ರಜೆಯ ಗಂಟೆಗಳು ಹನ್ನೆರಡು ವರ್ಷ ಬಿಟ್ಟು ಇನ್ನೊಂದು ಖಾತೆಗೆ ಜಮೆಯಾದವು.

ಇನ್ನು ಒಂದು ಗಂಭೀರ ಮಾತು. ಬಿಟ್ಟಲ್ಲಿಗೆ ಮರಳುವ ದಾರಿ ಎಲ್ಲರಿಗೂ ಸಿಗುವುದಿಲ್ಲ. ನಮ್ಮಮ್ಮ ಮದುವೆಗೆ ಮುಂಚೆ ಸಂಗೀತದ ಮೂರು ಪರೀಕ್ಷೆ ಪಾಸಾಗಿದ್ದರು. ಹಾರ್ಮೋನಿಯಂ ಚೆನ್ನಾಗಿ ನುಡಿಸುತ್ತಿದ್ದರಂತೆ. ಅಂತೆ ಎನ್ನುತ್ತೇನೆ, ಏಕೆಂದರೆ ನಾನು ಕೇಳಿಲ್ಲ. ನಾನು ಕಂಡದ್ದು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದ ಒಂದು ಪೆಟ್ಟಿಗೆ. ಯಾರೂ ಬೇಡ ಅನ್ನಲಿಲ್ಲ, ಬೈಯಲಿಲ್ಲ. ಕೂಡು ಕುಟುಂಬ, ಮೂರು ಮಕ್ಕಳು, ಹಬ್ಬ ಹುಣ್ಣಿಮೆ, ಅತ್ತೆಯ ಕಾಯಿಲೆ. ಇವತ್ತು ಬೇಡ, ನಾಳೆ ಎನ್ನುತ್ತ 26 ವರ್ಷ ಹೋದವು. ನಮ್ಮೆಲ್ಲರ ಓದು ಮುಗಿದ ಮೇಲೆ ಅಪ್ಪ ಅದನ್ನು ಕೆಳಗಿಳಿಸಿ, ರಿಪೇರಿ ಮಾಡಿಸಿ ತಂದರು. ಅಮ್ಮ ಮುಂದೆ ಕುಳಿತು ನಾಲ್ಕು ಮನೆ ಒತ್ತಿ ನಿಲ್ಲಿಸಿದರು. "ಎಲ್ಲಿ ಬಿಟ್ಟಿದ್ದೆ ಅನ್ನೋದೇ ನೆನಪಿಲ್ಲವಾ. ಎಲ್ಲಿಂದ ಹಿಡೀಲಿ?" ಎಂದರು. ಮನೆಯಲ್ಲಿ ಯಾರ ಹತ್ತಿರವೂ ಅದಕ್ಕೆ ಉತ್ತರವಿರಲಿಲ್ಲ. ಅವರಿಗೆ ದಿನಕ್ಕೆ ಒಂದು ಗಂಟೆ ಬೇಕಿರಲಿಲ್ಲ. ವಾರಕ್ಕೆ ಇಪ್ಪತ್ತು ನಿಮಿಷ ಸಣ್ಣ ಉರಿ ಯಾರಾದರೂ ಕಾದುಕೊಟ್ಟಿದ್ದರೆ ಸಾಕಿತ್ತು. ಈಗ 63ರ ವಯಸ್ಸಿನಲ್ಲಿ ವಿಡಿಯೋ ಕಾಲಿನಲ್ಲಿ ನನ್ನ ಮಗಳ ಜೊತೆ ಭೂಪದ ಅಲಂಕಾರದಿಂದ ಶುರು ಮಾಡಿದ್ದಾರೆ. ಇಬ್ಬರೂ ಒಂದೇ ಪಾಠದಲ್ಲಿದ್ದಾರೆ. ಮಗಳು ಸ್ವಲ್ಪ ಮುಂದಿದ್ದಾಳೆ.

ಆದ್ದರಿಂದ ನನಗೆ 'ಹಾಬಿ' ಎಂಬ ಪದದ ಮೇಲೆ ಒಂದು ತಕರಾರು ಇದೆ. ಗಂಡಸು ನಾಲ್ಕು ವಿದ್ಯೆ ಬಲ್ಲವನಾದರೆ ಬಹುಮುಖ ಪ್ರತಿಭೆ. ಹೆಣ್ಣುಮಗಳು ಬಲ್ಲವಳಾದರೆ ಹಾಬಿ. ಹಾಬಿಯನ್ನು ಮನೆಗೆ ನೆಂಟರು ಬಂದಾಗ ಮೊದಲು ಎತ್ತಿಡಬಹುದು. ಎರಡು ವರ್ಷದ ಹಿಂದೆ ಕೆಲಸದಲ್ಲಿ ನನಗೆ ಬಡ್ತಿಯ ಮಾತು ಬಂದಾಗ ಹಿರಿಯರೊಬ್ಬರು ಒಳ್ಳೆಯ ಮನಸ್ಸಿನಿಂದಲೇ, "ಇನ್ನು ಹಾಡು ಗೀಡು ಸ್ವಲ್ಪ ಪಕ್ಕಕ್ಕಿಡಬೇಕಾಗುತ್ತೆ" ಎಂದರು. ನಾನು ಬಡ್ತಿ ಒಪ್ಪಿಕೊಂಡೆ. ಜೊತೆಗೆ ಮಂಗಳವಾರ, ಶುಕ್ರವಾರ ಸಂಜೆ ಆರೂವರೆಯಿಂದ ಏಳೂವರೆ ನನ್ನ ಕ್ಯಾಲೆಂಡರಿನಲ್ಲಿ 'ಕ್ಲಾಸ್' ಎಂದು ಎಲ್ಲರಿಗೂ ಕಾಣುವಂತೆ ಬರೆದಿಟ್ಟೆ. ಮೊದಲ ತಿಂಗಳು ಆ ಹೊತ್ತಿಗೇ ಮೀಟಿಂಗ್ ಬಂದವು, ಬೇರೆ ಹೊತ್ತು ಸೂಚಿಸಿದೆ. ಮೂರನೆಯ ತಿಂಗಳಿಗೆ ಬರುವುದು ನಿಂತಿತು. ಈಗ ನಮ್ಮ ತಂಡದ ಇನ್ನೊಬ್ಬ ಹುಡುಗಿಯ ಕ್ಯಾಲೆಂಡರಿನಲ್ಲೂ ಗುರುವಾರ ಸಂಜೆ 'ಟೇಬಲ್ ಟೆನಿಸ್' ಎಂದಿದೆ.

ಆದರೆ ನನ್ನ ಆ ಗಂಟೆ ಆಕಾಶದಿಂದ ಉದುರಿದ್ದಲ್ಲ. ನನ್ನ ರಿಯಾಜಿನ ಹೊತ್ತಿಗೆ ನಮ್ಮ ಅಡುಗೆಮನೆಯಲ್ಲಿ ಪೋಳಿ ಲಟ್ಟಿಸುತ್ತಿರುವವರು ನಮ್ಮ ಮಾವ್ಶಿ. ಮಗಳನ್ನು ಕೆಳಗೆ ಆಡಿಸಲು ಕರೆದೊಯ್ಯುವವರು ನನ್ನ ಗಂಡ. ಹಲವು ವಿದ್ಯೆಗಳ ದೊಡ್ಡವರ ಕಥೆಗಳಲ್ಲಿ ಆ ಹೊತ್ತಿಗೆ ಒಲೆಯ ಮುಂದೆ ಇದ್ದವರ ಹೆಸರು ಬರುವುದು ಕಡಿಮೆ. ನಮ್ಮ ಮಾವ್ಶಿಗೂ ಒಂದು ವಿದ್ಯೆ ಇದೆ. ಅವರ ಓಣಿಯ ಭಜನಿ ಮಂಡಳದಲ್ಲಿ ತಾಳ ಹಿಡಿದು ಮುಂದೆ ನಿಲ್ಲುವವರು ಅವರೇ. ನೂರಾರು ಅಭಂಗ ಬಾಯಿಪಾಠ. ಪ್ರತಿ ಆಷಾಢಕ್ಕೆ ಜ್ಞಾನೇಶ್ವರರ ಪಾಲ್ಖಿಯ ಜೊತೆ ಪಂಢರಪುರಕ್ಕೆ ನಡೆದು ಹೋಗುತ್ತಾರೆ. ಮೂರು ವಾರ ರಜೆ ಬೇಕು ಎಂದು ಮೊದಲ ವರ್ಷ ಕೇಳಿದಾಗ ನಮ್ಮ ಸೊಸೈಟಿಯಲ್ಲಿ ಎರಡು ಮನೆಯವರು ಮುಖ ಗಂಟಿಕ್ಕಿದರು. ನನ್ನ ಕ್ಲಾಸಿಗೆ ಆಫೀಸು ಜಾಗ ಕೊಡಬೇಕು ಎನ್ನುವ ನಾನು ಅವರ ವಾರಿಗೆ ಜಾಗ ಕೊಡದಿದ್ದರೆ ಹೇಗೆ? ಆ ಮೂರು ವಾರ ಸಂಬಳ ಹಿಡಿಯುವುದಿಲ್ಲ. ಮನೆಯಲ್ಲಿ ನಾನೂ ನನ್ನ ಗಂಡನೂ ಸರದಿಯ ಮೇಲೆ ಪೋಳಿ ಮಾಡುತ್ತೇವೆ. ನಮ್ಮ ಪೋಳಿಗಳಿಗೆ ಆಕಾರ ಇನ್ನೂ ಬಂದಿಲ್ಲ, ಅದು ನಾಲ್ಕನೆಯ ವಿದ್ಯೆ.

ಕೊನೆಯದಾಗಿ ವೇದಿಕೆಗೆ ಒಂದು ಸಲಹೆ ಕೊಟ್ಟು ಮುಗಿಸುತ್ತೇನೆ. ನಮ್ಮ ಕಾರ್ಯಕ್ರಮಗಳಲ್ಲಿ ನಾವು ಯಾವಾಗಲೂ ಮುಗಿದದ್ದನ್ನೇ ತೋರಿಸುತ್ತೇವೆ. ಪೂರ್ತಿಯಾದ ರಂಗೋಲಿ, ತಯಾರಾದ ನೃತ್ಯ, ಬಹುಮಾನ ಬಂದ ಕಥೆ. ತಿಂಗಳಿಗೊಂದು ಭಾನುವಾರ ಎರಡು ಗಂಟೆ, ಅರ್ಧಕ್ಕೆ ನಿಂತದ್ದನ್ನು ತರುವ ದಿನ ಇಟ್ಟುಕೊಳ್ಳೋಣ. ಮೂರನೆಯ ಅಧ್ಯಾಯದಲ್ಲಿ ಬಿಟ್ಟ ಪಿಎಚ್‌ಡಿ, ಒಂದು ತೋಳು ಉಳಿದ ಸ್ವೆಟರ್, ಮದುವೆಯಾದ ಮೇಲೆ ತೆಗೆಯದ ವೀಣೆ, ಕಲಿಯಬೇಕೆಂದುಕೊಂಡ ಪೈಥಾನ್. ಒಟ್ಟಿಗೆ ಕುಳಿತು ಅವರವರ ಕೆಲಸ ಮಾಡೋಣ. ಗೊತ್ತಿದ್ದವರು ಗೊತ್ತಿಲ್ಲದವರಿಗೆ, ಎಲ್ಲಿಂದ ಹಿಡಿಯಬೇಕು ಎಂದು ತೋರಿಸಲಿ. ಮಕ್ಕಳನ್ನು ಆ ಎರಡು ಗಂಟೆ ನೋಡಿಕೊಳ್ಳುವ ಸರದಿಯ ಪಟ್ಟಿಯಲ್ಲಿ ಹಿಂದಿನ ಸಾಲಿನ ಗಂಡಸರ ಹೆಸರುಗಳನ್ನು ನಾನು ಈಗಲೇ ಬರೆದುಕೊಳ್ಳುತ್ತೇನೆ. ಮೊದಲ ಭಾನುವಾರಕ್ಕೆ ನಮ್ಮ ಮನೆಯ ಹಾಲ್ ತೆರೆದಿರುತ್ತದೆ. ಚಹಾ, ಅವಲಕ್ಕಿ ನನ್ನದು. ಬರುವಾಗ ಒಂದು ನೂರು ಪುಟದ ನೋಟ್‌ಬುಕ್ ತನ್ನಿ.